ಸೊಂಟದ ಕೀಲು ಬದಲಿಸುವ ಆಪರೇಷನ್: ರಕ್ತ ಕಡಿಮೆ ಹೋಗಲು ಮನೆಯವರು ಏನೇನು ಮಾಡಬಹುದು

ಅಮ್ಮನ ಎಡಗಡೆ ಸೊಂಟದ ಆಪರೇಷನ್‌ಗೆ ಇನ್ನು ಮೂರೇ ದಿನ ಇತ್ತು. ಆಸ್ಪತ್ರೆಯಿಂದ ಫೋನ್ ಬಂತು. "ಹಿಮೋಗ್ಲೋಬಿನ್ ಕಡಿಮೆ ಇದೆ, ಎರಡು ಬಾಟಲಿ ರಕ್ತಕ್ಕೆ ವ್ಯವಸ್ಥೆ ಮಾಡ್ಕೊಳ್ಳಿ." ಅಮ್ಮನದು ಬಿ ನೆಗೆಟಿವ್. ಸಂಜೆಯೊಳಗೆ ನೆಂಟರ ವಾಟ್ಸಾಪ್ ಗುಂಪು, ಅಣ್ಣನ ಆಫೀಸಿನ ಗುಂಪು, ಅಪಾರ್ಟ್‌ಮೆಂಟಿನ ಗುಂಪು, ಎಲ್ಲ ಕಡೆ 'ಅರ್ಜೆಂಟ್' ಅಂತ ಹರಿದಾಡಿತು. ಅಂತೂ ರಕ್ತ ಸಿಕ್ಕಿತು, ಆಪರೇಷನ್ ಆಯಿತು, ಎರಡೂ ಬಾಟಲಿ ಏರಿಸಿದರು.

ಮನೆಗೆ ಬಂದ ಮೇಲೆ ಫೈಲ್ ಜೋಡಿಸುತ್ತಾ ಕೂತಿದ್ದೆ. ಎರಡು ತಿಂಗಳ ಹಿಂದಿನ ರಿಪೋರ್ಟು ಕೈಗೆ ಬಂತು. ಹಿಮೋಗ್ಲೋಬಿನ್ 9.8. ದಪ್ಪ ಅಕ್ಷರದಲ್ಲೇ ಅಚ್ಚಾಗಿತ್ತು. ಡಾಕ್ಟರೂ ಗಮನಿಸಿರಲಿಲ್ಲ, ನಾವೂ ಗಮನಿಸಿರಲಿಲ್ಲ. ಎರಡು ತಿಂಗಳು ಸುಮ್ನೆ ಕಳೆದುಹೋಗಿತ್ತು.

ಮೂರು ವರ್ಷದ ನಂತರ ಬಲಗಡೆಯೂ ಸವೆಯಿತು. ಈ ಸಲ ಬೇರೆ ಆಸ್ಪತ್ರೆ, ಬೇರೆ ತಯಾರಿ. ಒಂದು ಹನಿ ರಕ್ತವೂ ಬೇಕಾಗಲಿಲ್ಲ. ದೇಹ ಅದೇ, ವಯಸ್ಸು ಮೂರು ವರ್ಷ ಜಾಸ್ತಿ. ಏನು ಬದಲಾಯಿತು ಅನ್ನೋದನ್ನು ದಿನದ ಲೆಕ್ಕದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಓಟಿ (ಆಪರೇಷನ್ ಥಿಯೇಟರ್) ಒಳಗೆ ನಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅರ್ಧದಷ್ಟು ಕೆಲಸ ಓಟಿಗೆ ಹೋಗುವ ಮುಂಚೆಯೇ ಇರುತ್ತದೆ, ಅದೂ ಬಹಳಷ್ಟು ಮನೆಯಲ್ಲೇ.

ಈ ಆಪರೇಷನ್‌ನಲ್ಲಿ ರಕ್ತ ಯಾಕೆ ಹೋಗುತ್ತೆ

ಮಂಡಿಯ ಆಪರೇಷನ್ ಮಾಡುವಾಗ ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಬಹುದು. ಸೊಂಟಕ್ಕೆ ಹಾಗೆ ಕಟ್ಟಲು ಜಾಗವೇ ಇಲ್ಲ. ಕೀಲು ತುಂಬಾ ಆಳದಲ್ಲಿದೆ, ಮೇಲೆ ದಪ್ಪ ಮಾಂಸ.

ಆಮೇಲೆ ಮೂಳೆ. ಹೊರಗೆ ಕಲ್ಲಿನ ಹಾಗೆ ಕಂಡರೂ ಒಳಗೆ ಸೆಟ್ ದೋಸೆ ಮುರಿದ ಹಾಗೆ ತೂತು ತೂತು, ಪ್ರತಿ ತೂತಿನಲ್ಲೂ ರಕ್ತ. ತೊಡೆಮೂಳೆಯ ಗುಂಡನ್ನು ಕತ್ತರಿಸಿ ತೆಗೆಯಬೇಕು. ಅದು ಕೂರುವ ಬಟ್ಟಲನ್ನು ಹೆರೆದು ಹೊಸ ಬಟ್ಟಲು ಕೂರಿಸಬೇಕು. ತೊಡೆಮೂಳೆಯ ಒಳಗೆ ದಾರಿ ಮಾಡಿ ಲೋಹದ ಕಾಂಡ ಇಳಿಸಬೇಕು. ಮಾಂಸದ ರಕ್ತನಾಳವನ್ನು ಸುಟ್ಟು ಮುಚ್ಚಬಹುದು, ಹೆರೆದ ಮೂಳೆ ಮಾತ್ರ ಜಿನುಗುತ್ತಲೇ ಇರುತ್ತದೆ. ಹೊಲಿಗೆ ಹಾಕಿದ ಮೇಲೂ ಒಂದಿಷ್ಟು ರಕ್ತ ಒಳಗೇ ಮಾಂಸದ ಸಂದಿಗೆ ಇಳಿಯುತ್ತದೆ. ಅದು ಯಾವ ಬಾಟಲಿಯಲ್ಲೂ ಕಾಣುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಹೆಂಗಸರ ದೇಹದಲ್ಲಿ ಕೆಜಿಗೆ ಸುಮಾರು 65 ಮಿಲಿಲೀಟರ್ ರಕ್ತ ಇರುತ್ತದೆ. ಅಮ್ಮನ ತೂಕ 55 ಕೆಜಿ, ಅಂದರೆ ಸುಮಾರು ಮೂರೂವರೆ ಲೀಟರ್. ಕಂಡಿದ್ದು ಕಾಣದಿದ್ದು ಸೇರಿ ಒಂದು ಲೀಟರ್ ಹೋಯಿತು ಅಂದುಕೊಳ್ಳಿ. ಹಿಮೋಗ್ಲೋಬಿನ್ 10ರಿಂದ ಶುರು ಮಾಡಿದವರು ಏಳು, ಏಳೂವರೆಗೆ ಇಳಿಯುತ್ತಾರೆ. ಆಗ ರಕ್ತದ ಬಾಟಲಿ ಬಂದೇ ಬರುತ್ತದೆ. 13ರಿಂದ ಶುರು ಮಾಡಿದವರು ಒಂಬತ್ತೂವರೆ ಹತ್ತಿರ ನಿಲ್ಲುತ್ತಾರೆ. ಅದೇ ಸರ್ಜನ್, ಅದೇ ಒಂದು ಲೀಟರ್. ಆದರೂ ಒಬ್ಬರಿಗೆ ರಕ್ತ ಬೇಕು, ಇನ್ನೊಬ್ಬರಿಗೆ ಬೇಡ. ಸಣ್ಣ ಮೈಯವರಿಗೆ ಈ ಲೆಕ್ಕ ಇನ್ನೂ ಬಿಗಿ.

ಆರರಿಂದ ಎಂಟು ವಾರ ಮುಂಚೆ: ಹಿಮೋಗ್ಲೋಬಿನ್ ನೋಡಿ, ಫೆರಿಟಿನ್ ಕೂಡ

ಆಪರೇಷನ್ ಮಾಡಿಸೋಣ ಅಂತ ಮನಸ್ಸು ಮಾಡಿದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಅಡ್ಮಿಟ್ ಆಗುವ ಹಿಂದಿನ ದಿನ ಮಾಡಿಸಿದರೆ ಗೊತ್ತಾಗುತ್ತದೆ ಅಷ್ಟೇ, ಸರಿ ಮಾಡಲು ಸಮಯ ಉಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ರಕ್ತ ಹೋಗುವ ದೊಡ್ಡ ಆಪರೇಷನ್ ಇದ್ದಾಗ ಹೆಂಗಸರಿಗೂ 13ನ್ನೇ ಗುರಿ ಇಟ್ಟುಕೊಳ್ಳಬೇಕು ಅಂತ ಈಗ ಬಹಳ ತಜ್ಞರು ಹೇಳುತ್ತಾರೆ. ನನಗಂತೂ ಅದು ಸರಿ ಅನಿಸುತ್ತದೆ. ಹೋಗುವ ರಕ್ತ ಗಂಡು ಹೆಣ್ಣು ನೋಡಿಕೊಂಡು ಹೋಗುವುದಿಲ್ಲವಲ್ಲ, ಮತ್ತೆ ಹೆಂಗಸರ ಮೈಯಲ್ಲಿ ಇರುವ ರಕ್ತವೇ ಕಡಿಮೆ. ನಮ್ಮಲ್ಲಿ 'ಹೆಂಗಸರಿಗೆ ಹತ್ತು ಹತ್ತೂವರೆ ಇದ್ರೆ ನಾರ್ಮಲ್ಲೇ' ಅಂತ ಬಿಟ್ಟುಬಿಡುವ ರೂಢಿ ಇದೆ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಇದೆ ಅಂದ ಮಾತ್ರಕ್ಕೆ ಅದು ನಾರ್ಮಲ್ ಆಗುವುದಿಲ್ಲ.

ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಫೆರಿಟಿನ್ ಪರೀಕ್ಷೆ ಕೇಳಿ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ. 30ಕ್ಕಿಂತ ಕಡಿಮೆ ಇದ್ದರೆ ಉಗ್ರಾಣ ಖಾಲಿ ಅಂತ ಅರ್ಥ. ಒಂದು ಗೊಂದಲ ಇದೆ. ಮೈಯಲ್ಲಿ ಉರಿಯೂತ ಇದ್ದರೆ, ಉದಾಹರಣೆಗೆ ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿ, ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸಬಹುದು. ಅಂಥವರಿಗೆ 100ರ ಒಳಗಿದ್ದರೂ ಕಬ್ಬಿಣದ ಕೊರತೆ ಇರಬಹುದು. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಅಂತ ಇನ್ನೊಂದು ಪರೀಕ್ಷೆ ಇದೆ, ಅದು 20 ಶೇಕಡಾಕ್ಕಿಂತ ಕಡಿಮೆ ಬಂದರೆ ಕೊರತೆ ಇರುವ ಸಾಧ್ಯತೆ ಜಾಸ್ತಿ. ಅಮ್ಮನದು ಎರಡನೇ ಸಲ ಹಿಮೋಗ್ಲೋಬಿನ್ 10.4, ಫೆರಿಟಿನ್ 14.

ಕೊರತೆ ಯಾಕೆ ಬಂತು ಅನ್ನೋದನ್ನೂ ಹುಡುಕಬೇಕು. ಇದನ್ನು ಹಾರಿಸಿ ಮಾತ್ರೆ ಬರೆಸಿಕೊಂಡು ಬರುವವರೇ ಜಾಸ್ತಿ. ಸೊಂಟ ನೋವಿನವರು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿರುತ್ತಾರೆ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ಕಣ್ಣಿಗೆ ಕಾಣದಷ್ಟು ರಕ್ತ ದಿನಾ ಸೋರುತ್ತಿರಬಹುದು. ಅಮ್ಮನಿಗೆ ಆಗಿದ್ದೂ ಇದೇ, ಎಂಡೋಸ್ಕೋಪಿಯಲ್ಲಿ ಗೊತ್ತಾಯಿತು. ಮೂಲವ್ಯಾಧಿ ಇರಬಹುದು. ವಯಸ್ಸಾದ ಗಂಡಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಕರುಳನ್ನು ಪರೀಕ್ಷೆ ಮಾಡಿಸಲೇಬೇಕು, ಅಲ್ಲಿ ಗಡ್ಡೆಯೂ ಇರಬಹುದು. ಪೂರ್ತಿ ಸಸ್ಯಾಹಾರಿಗಳಿಗೆ ಮತ್ತು ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೆ ಬಿ12 ಕಡಿಮೆ ಇರುವುದು ಸಾಮಾನ್ಯ. ಕಿಡ್ನಿ ತೊಂದರೆ ಇರುವವರ ರಕ್ತಹೀನತೆಗೆ ದಾರಿ ಬೇರೆ. ಥಲಸ್ಸೀಮಿಯ ಮೈನರ್ (ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ತಯಾರಾಗುವ ವಂಶವಾಹಿ ತೊಂದರೆ) ಇದ್ದವರಿಗೆ, ಜೊತೆಗೆ ಕಬ್ಬಿಣದ ಕೊರತೆಯೂ ಇಲ್ಲದಿದ್ದರೆ, ಕಬ್ಬಿಣ ಕೊಟ್ಟು ಪ್ರಯೋಜನವೇ ಇಲ್ಲ.

ಕಬ್ಬಿಣ ತುಂಬಿಸುವುದು: ಬೀಟ್‌ರೂಟ್ ಜ್ಯೂಸ್‌ನಿಂದ ಆಗುವುದಿಲ್ಲ

ರಕ್ತ ಕಡಿಮೆ ಅಂದ ತಕ್ಷಣ ಮನೆಗೆ ಬಂದವರೆಲ್ಲ ಬೀಟ್‌ರೂಟ್, ದಾಳಿಂಬೆ ತಂದುಕೊಡುತ್ತಾರೆ. ಬಣ್ಣ ಕೆಂಪು, ಅಷ್ಟೇ. ಎರಡರಲ್ಲೂ ಕಬ್ಬಿಣ ತೀರಾ ಕಡಿಮೆ. ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿಕಾಳು ವಾಸಿ. ತಿನ್ನುವವರಿಗೆ ಲಿವರ್, ಮಟನ್ ಇನ್ನೂ ವಾಸಿ, ಅದರ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ನೆಲ್ಲಿಕಾಯಿ ಚಟ್ನಿ ಇಡಿ. ಇವೆಲ್ಲ ಒಳ್ಳೆಯದೇ. ಆದರೆ ಖಾಲಿಯಾದ ಉಗ್ರಾಣವನ್ನು ಆರು ವಾರದಲ್ಲಿ ಊಟವೊಂದರಿಂದಲೇ ತುಂಬಿಸಲು ಆಗುವುದಿಲ್ಲ. ಔಷಧಿ ಬೇಕು.

ಮಾತ್ರೆಯಾದರೆ ಹೀಗೆ. ಖಾಲಿ ಹೊಟ್ಟೆಯಲ್ಲಿ, ನಿಂಬೆ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀ, ಹಾಲು ಒಂದೆರಡು ಗಂಟೆ ದೂರ ಇರಲಿ. ಇಲ್ಲೇ ಎಡವುವುದು. ಬೆಳಿಗ್ಗೆ ಎದ್ದು ಫಿಲ್ಟರ್ ಕಾಫಿ ಜೊತೆಗೇ ಎಲ್ಲ ಮಾತ್ರೆ ನುಂಗಿ ಮುಗಿಸುವುದು ನಮ್ಮ ಮನೆಗಳ ಪದ್ಧತಿ ತಾನೇ. ಮೂಳೆ ಸವೆದವರಿಗೆ ಕ್ಯಾಲ್ಸಿಯಂ ಮಾತ್ರೆ ಇದ್ದೇ ಇರುತ್ತದೆ, ಅದೂ ಕಬ್ಬಿಣವನ್ನು ತಡೆಯುತ್ತದೆ. ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ ಅಂತ ಮಾಡಿಕೊಳ್ಳಿ. ಪ್ಯಾಂಟೊಪ್ರಜೋಲ್ ತರಹದ ಗ್ಯಾಸ್ ಮಾತ್ರೆ ಹೊಟ್ಟೆಯ ಆಸಿಡ್ ಕಡಿಮೆ ಮಾಡುವುದರಿಂದ ಅದು ಕೂಡ ಅಡ್ಡಿ. ಅದನ್ನು ಮುಂದುವರಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ದಿನಕ್ಕೆ ಮೂರು ಹೊತ್ತು ನುಂಗಿದರೆ ಬೇಗ ಏರುತ್ತದೆ ಅಂದುಕೊಳ್ಳಬೇಡಿ. ಒಂದು ಮಾತ್ರೆ ಹೋದ ಕೂಡಲೇ ಮೈ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಟ್ಟು ಕರುಳಿನ ಬಾಗಿಲು ಅರ್ಧ ಮುಚ್ಚುತ್ತದೆ. ಮುಂದಿನ ಮಾತ್ರೆ ಬಹುಪಾಲು ದಂಡ, ಜೊತೆಗೆ ಮಲಬದ್ಧತೆ ಉಚಿತ. ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಸಾಕು ಅಂತ ಈಗ ಹೇಳುತ್ತಾರೆ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ.

ಸಮಯ ಕಡಿಮೆ ಇದ್ದರೆ, ಮಾತ್ರೆ ಸಹಿಸದಿದ್ದರೆ, ಅಥವಾ ಮಾತ್ರೆಯಿಂದ ಏರದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡುತ್ತಾರೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಹಾಕಬಹುದು. ಹದಿನೈದು ನಿಮಿಷದ ಡ್ರಿಪ್, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡುತ್ತಾರೆ. ಐರನ್ ಸುಕ್ರೋಸ್ ಅಗ್ಗ, ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ, ಹಾಗಾಗಿ ನಾಲ್ಕೈದು ಸಲ ಓಡಾಡಬೇಕು. ಸೊಂಟ ನೋವಿನವರನ್ನು ಆಟೋ ಹತ್ತಿಸಿ ಇಳಿಸುವ ಕಷ್ಟ ಗೊತ್ತಿದ್ದವರಿಗೆ ಇದು ಸಣ್ಣ ವಿಷಯ ಅಲ್ಲ. ಅಲರ್ಜಿ ಆಗುವುದು ಅಪರೂಪ, ಆದರೂ ಆಸ್ಪತ್ರೆಯಲ್ಲೇ ಹಾಕಿಸಬೇಕು. ಸೂಜಿ ಹಾಕಿದ ಜಾಗದಲ್ಲಿ ಉರಿ ಬಂದರೆ ತಕ್ಷಣ ಸಿಸ್ಟರ್‌ಗೆ ಹೇಳಿ. ಔಷಧಿ ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ಬಹಳ ಕಾಲ ನಿಲ್ಲುತ್ತದೆ. ಅಮ್ಮನಿಗೆ ಆಪರೇಷನ್‌ಗೆ ಐದು ವಾರ ಇದ್ದಾಗ ಹಾಕಿಸಿದೆವು. ಆಪರೇಷನ್‌ನ ಹಿಂದಿನ ದಿನ ಹಿಮೋಗ್ಲೋಬಿನ್ 12.6.

ಮೈ ಸುಧಾರಿಸದಿದ್ದರೆ ಆಪರೇಷನ್‌ನ ದಿನ ಮುಂದೂಡಿ ಅಂತ ಕೇಳಲು ಹಿಂಜರಿಯಬೇಡಿ. ಸವೆದ ಕೀಲಿನ ಆಪರೇಷನ್ ನಾವು ದಿನ ಗೊತ್ತು ಮಾಡಿಕೊಂಡು ಹೋಗುವಂಥದ್ದು. ಮೂರು ವಾರ ತಡವಾದರೆ ಏನೂ ಕೆಟ್ಟುಹೋಗುವುದಿಲ್ಲ.

ಎರಡು ವಾರ ಮುಂಚೆ: ಮಾತ್ರೆ ಚೀಲ ಮೇಜಿನ ಮೇಲೆ ಸುರಿಯಿರಿ

ಅರಿವಳಿಕೆ ಡಾಕ್ಟರ ಹತ್ತಿರ ಹೋದಾಗ ನಾನು ಪಟ್ಟಿ ಬರೆದುಕೊಂಡು ಹೋಗಿದ್ದೆ. ಅವರು ಪಟ್ಟಿ ನೋಡಲಿಲ್ಲ. "ಅಮ್ಮಾ, ಮನೇಲಿ ಮಾತ್ರೆ ಇಡೋ ಚೀಲ ತಂದಿದೀರಾ?" ಅಂದರು. ಅಮ್ಮ ಬ್ಯಾಗಿನಿಂದ ಜವಳಿ ಅಂಗಡಿಯ ಕವರ್ ತೆಗೆದು ಸುರಿದಳು. ನನ್ನ ಪಟ್ಟಿಯಲ್ಲಿ ಇಲ್ಲದ್ದು ಮೂರು ಹೊರಬಂತು. ಮೆಡಿಕಲ್ ಶಾಪಿನವನು ಕೊಟ್ಟ ಡೈಕ್ಲೋಫೆನಾಕ್, ಚಿಕ್ಕಮ್ಮ ಅಮೆರಿಕದಿಂದ ತಂದ ಮೀನೆಣ್ಣೆ ಕ್ಯಾಪ್ಸೂಲ್, ಕೊಲೆಸ್ಟ್ರಾಲ್‌ಗೆ ಅಂತ ಬೆಳ್ಳುಳ್ಳಿ ಕ್ಯಾಪ್ಸೂಲ್. "ಇದನ್ನೆಲ್ಲ ಯಾಕೆ ಹೇಳ್ಲಿಲ್ಲ?" ಅಂದರೆ, "ಅದು ಮಾತ್ರೆ ಅಲ್ವಲ್ಲ" ಅಂದಳು.

ರಕ್ತ ಹೆಪ್ಪುಗಟ್ಟುವುದನ್ನು ಕಡಿಮೆ ಮಾಡುವ ಔಷಧಿಗಳನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನೋದು ಒಂದೊಂದಕ್ಕೆ ಒಂದೊಂದು ಥರ. ವಾರ್ಫರಿನ್ ಆದರೆ ಸಾಮಾನ್ಯವಾಗಿ ಐದು ದಿನ, ಆಮೇಲೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಪರೀಕ್ಷೆ) ನೋಡಿ ಮುಂದಕ್ಕೆ. ಕ್ಲೊಪಿಡೊಗ್ರೆಲ್ ಐದರಿಂದ ಏಳು ದಿನ. ಅಪಿಕ್ಸಬಾನ್, ರಿವರಾಕ್ಸಬಾನ್ ಎರಡು ಮೂರು ದಿನ. ಡಾಬಿಗಟ್ರಾನ್ ಕಿಡ್ನಿ ಮೂಲಕ ಹೊರಹೋಗುವುದರಿಂದ ಕಿಡ್ನಿ ನಿಧಾನ ಇದ್ದವರಿಗೆ ಇನ್ನೂ ಜಾಸ್ತಿ. ಬೆನ್ನಿಗೆ ಸೂಜಿ ಹಾಕುವವರಿದ್ದರೆ ಈ ದಿನಗಳ ಲೆಕ್ಕ ಇನ್ನೂ ಕಟ್ಟುನಿಟ್ಟು. ಆಸ್ಪಿರಿನ್ ಬೇರೆ ವಿಷಯ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದನ್ನು ಬಹಳ ಸಲ ಮುಂದುವರಿಸುತ್ತಾರೆ. ಸ್ವಲ್ಪ ರಕ್ತ ಜಾಸ್ತಿ ಹೋದರೂ ಪರವಾಗಿಲ್ಲ, ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಈ ದಿನಗಳನ್ನು ನೋಡಿಕೊಂಡು ನೀವೇ ಮಾತ್ರೆ ನಿಲ್ಲಿಸಲು ಹೋಗಬೇಡಿ. ಹೃದಯದ ಡಾಕ್ಟರು, ಮೂಳೆ ಡಾಕ್ಟರು, ಅರಿವಳಿಕೆ ಡಾಕ್ಟರು ಮೂವರೂ ಒಪ್ಪಿದ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಿಲ್ಲಿಸುವ ದಿನ ಮಾತ್ರ ಅಲ್ಲ, ಮತ್ತೆ ಶುರು ಮಾಡುವ ದಿನವೂ ಅದರಲ್ಲಿರಲಿ. ಎಷ್ಟೋ ಮನೆಯಲ್ಲಿ ಮರೆಯುವುದು ಅದನ್ನೇ.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ. ಕೆಲವು ದಿನ ಮುಂಚೆ ಬಿಟ್ಟು ಪ್ಯಾರಸಿಟಮಾಲ್‌ಗೆ ಬದಲಾಯಿಸಿಕೊಡಿ ಅಂತ ಕೇಳಬಹುದು. ಮೀನೆಣ್ಣೆ, ಬೆಳ್ಳುಳ್ಳಿ, ಗಿಂಕೊ ಅನ್ನೋ ಗಿಡಮೂಲಿಕೆ, ವಿಟಮಿನ್ ಇ, ಅರಿಶಿನದ ಕ್ಯಾಪ್ಸೂಲ್‌ಗಳನ್ನು ಒಂದೆರಡು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಸಾರಿನ ಒಗ್ಗರಣೆಯ ಬೆಳ್ಳುಳ್ಳಿಗೆ ಇದು ಅನ್ವಯಿಸುವುದಿಲ್ಲ, ಅದು ಇರಲಿ.

ಡಾಕ್ಟರನ್ನು ಕೇಳಲೇಬೇಕಾದ ಒಂದು ಪ್ರಶ್ನೆ: ಟ್ರಾನೆಕ್ಸಾಮಿಕ್ ಆಸಿಡ್ ಕೊಡ್ತೀರಾ?

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಕಬ್ಬಿಣದ ನಂತರದ ಸ್ಥಾನ ಇದಕ್ಕೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಂಗಸರಿಗೆ ಬರೆದುಕೊಡುವ ಮಾತ್ರೆ ನೆನಪಿದೆಯಾ? ಅದೇ ಔಷಧಿ. 1962ರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೊಸುಕೆ ಒಕಾಮೊಟೊ ಕಂಡುಹಿಡಿದದ್ದು. ಹೆರಿಗೆಯ ನಂತರ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನೋದು ಉಟಾಕೊ ಅವರ ಆಸೆಯಾಗಿತ್ತು. ಅದೇ ವರ್ಷ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಗಟ್ಟಿ ಪ್ಲಾಸ್ಟಿಕ್ ಬಟ್ಟಲು ಇಟ್ಟು ಈಗಿನ ಮಾದರಿಯ ಸೊಂಟದ ಕೀಲು ಬದಲಿಸಲು ಶುರು ಮಾಡಿದರು. ಎರಡೂ ಒಂದೇ ವರ್ಷ ಹುಟ್ಟಿದರೂ ಓಟಿಯಲ್ಲಿ ಜೊತೆಯಾಗಿದ್ದು ದಶಕಗಳ ನಂತರ.

ಕೆಲಸ ಮಾಡುವ ಬಗೆ ಸರಳ. ಗಾಯವಾದ ಕಡೆ ಮೈ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಜೊತೆಗೇ ಆ ಹೆಪ್ಪನ್ನು ಕರಗಿಸುವ ಕೆಲಸವನ್ನೂ ಶುರು ಮಾಡುತ್ತದೆ. ಈ ಔಷಧಿ ಕರಗಿಸುವವನ ಕೈ ಹಿಡಿದುಕೊಳ್ಳುತ್ತದೆ. ಅಂದರೆ ಹೊಸದಾಗಿ ಹೆಪ್ಪುಗಟ್ಟಿಸುವುದಿಲ್ಲ, ಕಟ್ಟಿದ್ದು ಉಳಿಯುವ ಹಾಗೆ ನೋಡಿಕೊಳ್ಳುತ್ತದೆ. ಚರ್ಮ ಕೊಯ್ಯುವ ಮುಂಚೆ ಸುಮಾರು 1 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವರು ಕೊನೆಯಲ್ಲಿ ಅಥವಾ ಮೂರು ಗಂಟೆ ಬಿಟ್ಟು ಇನ್ನೊಂದು ಡೋಸ್ ಕೊಡುತ್ತಾರೆ. ಕೆಲವರು ಕೀಲಿನೊಳಗೇ ಸುರಿಯುತ್ತಾರೆ. ಎರಡು ಗಂಟೆ ಮುಂಚೆ ಮಾತ್ರೆಯಾಗಿ ಕೊಡುವ ಪದ್ಧತಿಯೂ ಇದೆ. 2022ರಲ್ಲಿ ಬಂದ ಪೋಯಿಸ್-3 ಅಧ್ಯಯನದಲ್ಲಿ ಹೃದಯದ್ದಲ್ಲದ ಬೇರೆ ಬೇರೆ ಆಪರೇಷನ್ ಆದ 9,535 ಮಂದಿಯನ್ನು ಗಮನಿಸಿದ್ದರು. ದೊಡ್ಡ ರಕ್ತಸ್ರಾವ ಔಷಧಿ ಕೊಟ್ಟವರಲ್ಲಿ 9.1 ಶೇಕಡಾ, ಕೊಡದವರಲ್ಲಿ 11.7 ಶೇಕಡಾ ಇತ್ತು. ದುಬಾರಿ ಔಷಧಿಯೂ ಅಲ್ಲ.

ಫಿಟ್ಸ್ ಬಂದ ಇತಿಹಾಸ, ಕಿಡ್ನಿ ತೊಂದರೆ, ಇತ್ತೀಚೆಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಸ್ಟ್ರೋಕ್, ಹೃದಯಾಘಾತ ಇದ್ದರೆ ಮೊದಲೇ ಹೇಳಿಬಿಡಿ. ಇದ್ದ ಮಾತ್ರಕ್ಕೆ ಔಷಧಿ ಕೊಡಲೇಬಾರದು ಅಂತಲ್ಲ. ಡೋಸ್ ಕಡಿಮೆ ಮಾಡಬೇಕಾಗಬಹುದು, ಕೀಲಿನೊಳಗೆ ಮಾತ್ರ ಹಾಕಬಹುದು. ತೀರ್ಮಾನ ಅವರದು.

ಓಟಿ ಒಳಗೆ

ಸಾಧ್ಯ ಇದ್ದವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರೆ, ಪೂರ್ತಿ ಪ್ರಜ್ಞೆ ತಪ್ಪಿಸುವುದಕ್ಕಿಂತ ರಕ್ತ ಕಡಿಮೆ ಹೋಗುತ್ತದೆ. ಬಿಪಿ ಸ್ವಲ್ಪ ಇಳಿಯುತ್ತದೆ, ಗಾಯದ ಜಾಗದ ಒತ್ತಡವೂ ಇಳಿಯುತ್ತದೆ. ಬಿಪಿಯನ್ನು ಬೇಕಂತಲೇ ಇನ್ನೂ ಇಳಿಸಿ ಇಡುವ ವಿಧಾನವೂ ಇದೆ. ಆದರೆ ವಯಸ್ಸಾದವರ ಹೃದಯ, ಮೆದುಳು, ಕಿಡ್ನಿ ಅದನ್ನು ತಡೆದುಕೊಳ್ಳಬೇಕಲ್ಲ, ಎಲ್ಲರಿಗೂ ಅದು ಹೊಂದುವುದಿಲ್ಲ.

ಯಾರೂ ಯೋಚಿಸದ ವಿಷಯ ಚಳಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಇದನ್ನು ತೋರಿಸಿದ್ದು ಇದೇ ಆಪರೇಷನ್ ಮೇಲೆ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸೊಂಟದ ಕೀಲು ಬದಲಿಸಿಕೊಂಡ 60 ಮಂದಿಯಲ್ಲಿ ಅರ್ಧದಷ್ಟು ಜನರನ್ನು ಬೆಚ್ಚಗೆ ಇಟ್ಟರು. ಉಳಿದವರ ಮೈ ಸುಮಾರು 35 ಡಿಗ್ರಿಗೆ ಇಳಿಯಿತು. ಬೆಚ್ಚಗಿದ್ದವರಿಗೆ ಸರಾಸರಿ 1.7 ಲೀಟರ್ ರಕ್ತ ಹೋಯಿತು, ತಣ್ಣಗಾದವರಿಗೆ 2.2 ಲೀಟರ್. ಒಂದೂವರೆ ಡಿಗ್ರಿಗೆ ಅರ್ಧ ಲೀಟರ್! ಈಗಿನ ಔಷಧಿ, ಈಗಿನ ವಿಧಾನದಲ್ಲಿ ಒಟ್ಟು ರಕ್ತವೇ ಅದಕ್ಕಿಂತ ಕಡಿಮೆ ಹೋಗುತ್ತದೆ, ಆದರೆ ಚಳಿಯ ಪಾಠ ಬದಲಾಗಿಲ್ಲ.

ಓಟಿಯಲ್ಲಿ ಬಿಸಿಗಾಳಿಯ ಹೊದಿಕೆ, ಬೆಚ್ಚಗಿನ ಡ್ರಿಪ್ ಅವರು ನೋಡಿಕೊಳ್ಳುತ್ತಾರೆ. ನಮ್ಮ ಕೆಲಸ ಅದಕ್ಕೂ ಮುಂಚಿನದು. ತೆಳ್ಳನೆ ಗೌನ್ ಹಾಕಿ, ಸ್ಟ್ರೆಚರ್ ಮೇಲೆ ಮಲಗಿಸಿ, ಏಸಿ ಇರುವ ಕಾರಿಡಾರಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸುತ್ತಾರೆ. ಮೊದಲ ಆಪರೇಷನ್‌ನ ದಿನ ಅಮ್ಮ ಅಲ್ಲೇ ಹಲ್ಲು ಕಟಕಟ ಅನ್ನಿಸುತ್ತಿದ್ದಳು, ನಾವು ಹೆದರಿಕೆಗೆ ಅಂದುಕೊಂಡೆವು. ಎರಡನೇ ಸಲ ನಾನೇ ಹೋಗಿ "ಸಿಸ್ಟರ್, ಇನ್ನೊಂದು ಕಂಬಳಿ ಕೊಡ್ತೀರಾ" ಅಂತ ಕೇಳಿದೆ. ತಂದುಕೊಟ್ಟರು. ಕೇಳಬೇಕು ಅಷ್ಟೇ.

ಸರ್ಜನ್ ಕೆಲಸದ ಬಗ್ಗೆ ನಾವು ಹೇಳುವುದು ಕಡಿಮೆ. ಸೊಂಟದ ಸುತ್ತ ಕೆಲವು ರಕ್ತನಾಳಗಳು ಎಲ್ಲಿ ಸಿಗುತ್ತವೆ ಅಂತ ಮೊದಲೇ ಗೊತ್ತಿರುತ್ತದೆ. ಮುಂದಿನಿಂದ ಕೊಯ್ದರೆ ಒಂದು, ಹಿಂದಿನಿಂದ ಕೊಯ್ದರೆ ಇನ್ನೊಂದು. ಅನುಭವ ಇದ್ದವರು ಅದು ಹರಿಯುವ ಮುಂಚೆಯೇ ಹುಡುಕಿ ಸುಟ್ಟು ಮುಚ್ಚುತ್ತಾರೆ. ಬಟ್ಟಲಿಗೆ ಸ್ಕ್ರೂ ಹಾಕಬೇಕಾದರೆ ಹಿಂಭಾಗದ ಮೇಲುಗಡೆ ಹಾಕುತ್ತಾರೆ, ಮುಂಭಾಗದಲ್ಲಿ ಮೂಳೆಯ ಆಚೆಗೇ ದೊಡ್ಡ ರಕ್ತನಾಳ ಇದೆ. 'ಮುಂದಿನಿಂದ ಮಾಡಿದ್ರೆ ರಕ್ತನೇ ಹೋಗಲ್ಲ' ಅನ್ನುವ ಜಾಹೀರಾತು ನೋಡಿ ಆಸ್ಪತ್ರೆ ಆರಿಸಬೇಡಿ. ವರ್ಷಕ್ಕೆ ಈ ಆಪರೇಷನ್ ಎಷ್ಟು ಮಾಡುತ್ತೀರಿ ಅಂತ ಕೇಳಿ, ಆ ಉತ್ತರಕ್ಕೆ ಬೆಲೆ ಜಾಸ್ತಿ.

ಗಾಯದೊಳಗೆ ಕೊಳವೆ ಇಟ್ಟು ರಕ್ತ ಹೊರಗೆ ಎಳೆಯುವ ಡ್ರೈನ್ ಹಿಂದೆ ಎಲ್ಲರಿಗೂ ಇಡುತ್ತಿದ್ದರು. ಒಳಗೆ ತುಂಬಿ ತಾನಾಗೇ ಒತ್ತಡ ಬಿದ್ದು ನಿಲ್ಲಬೇಕಾದ ರಕ್ತವನ್ನು ಅದು ಎಳೆಯುತ್ತಲೇ ಇರುತ್ತದೆ. ಡ್ರೈನ್ ಇಟ್ಟವರಿಗೆ ರಕ್ತ ಏರಿಸುವುದು ಜಾಸ್ತಿ ಆಯಿತು ಅಂತ ಗೊತ್ತಾದ ಮೇಲೆ ಬಹಳ ಸರ್ಜನ್‌ಗಳು ಬಿಟ್ಟಿದ್ದಾರೆ. ಇಡುತ್ತೀರಾ, ಯಾಕೆ ಅಂತ ಕೇಳಬಹುದು.

ಹಾಗಾದರೆ ರಕ್ತ ಹೊಂದಿಸುವುದು ಬೇಡವಾ?

ಬೇಕು. ಗುಂಪು ನೋಡಿಸಿ, ಬ್ಲಡ್ ಬ್ಯಾಂಕಿನಲ್ಲಿ ಹೊಂದುವ ರಕ್ತ ಇದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ನೆಗೆಟಿವ್ ಗುಂಪಿನವರು ಇದನ್ನು ವಾರ ಮುಂಚೆಯೇ ಹೇಳಿಡಬೇಕು. ಹಣ ಕೊಟ್ಟು ರಕ್ತ ಕೊಡಿಸುವವರ ಸಹವಾಸ ಬೇಡ, ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮ ದೇಶದಲ್ಲಿ 1998ರಿಂದ ಅದು ನಿಷಿದ್ಧ.

ಇನ್ನೊಂದು ಮಾತು. 'ಹೊರಗಿನವರದ್ದು ಯಾಕೆ, ನಾನೇ ಕೊಡ್ತೀನಿ' ಅಂತ ಮಕ್ಕಳು ಮುಂದೆ ಬರುತ್ತಾರೆ. ಪ್ರೀತಿ ಸರಿ, ಆದರೆ ತಾಯಿಗೆ ಮಗನ ರಕ್ತವೇ ಹೆಚ್ಚು ಸುರಕ್ಷಿತ ಅನ್ನೋದು ತಪ್ಪು. ಒಡಹುಟ್ಟಿದವರ, ಮಕ್ಕಳ ರಕ್ತದ ಬಿಳಿಕಣಗಳನ್ನು ತಾಯಿಯ ಮೈ ಹೊರಗಿನದು ಅಂತ ಗುರುತಿಸದೆ ಬಿಟ್ಟುಬಿಡಬಹುದು. ಆಗ ಆ ಕಣಗಳೇ ತಾಯಿಯ ಮೈ ಮೇಲೆ ತಿರುಗಿಬೀಳುತ್ತವೆ. ತುಂಬಾ ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಅದಕ್ಕೇ ಹತ್ತಿರದ ರಕ್ತಸಂಬಂಧಿಗಳ ರಕ್ತವನ್ನು ವಿಕಿರಣ ಹಾಯಿಸದೆ ಏರಿಸಬಾರದು. ಮಗ ರಕ್ತ ಕೊಡಲಿ, ಅದು ಬೇರೆ ಯಾರಿಗಾದರೂ ಹೋಗಲಿ.

ಹಳೆ ಕೀಲನ್ನು ತೆಗೆದು ಮತ್ತೆ ಹೊಸದು ಹಾಕುವಂಥ ದೊಡ್ಡ ಆಪರೇಷನ್ ಇದ್ದರೆ, ಹೋದ ರಕ್ತವನ್ನೇ ತೊಳೆದು ವಾಪಸ್ ಕೊಡುವ ಸೆಲ್ ಸೇವರ್ ಯಂತ್ರ ಇದೆಯಾ ಅಂತ ವಿಚಾರಿಸಿ. ಮೊದಲ ಸಲದ ಮಾಮೂಲಿ ಆಪರೇಷನ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಬಿದ್ದು ಮೂಳೆ ಮುರಿದಿದ್ದರೆ

ಇಲ್ಲಿ ಆರು ವಾರದ ಮಾತೇ ಇಲ್ಲ. ಬಚ್ಚಲುಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಗೆ ಹಿಮೋಗ್ಲೋಬಿನ್ ಏರಲಿ ಅಂತ ಕಾಯಿಸಿದರೆ ಮಲಗಿದಲ್ಲೇ ಎದೆಗೆ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ. ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು. ಕಡಿಮೆ ಇದ್ದರೆ ರಕ್ತ ಏರಿಸಿಯೇ ಮಾಡುತ್ತಾರೆ, ಅದು ಸರಿ. ಬೆಚ್ಚಗಿಡುವುದು, ಟ್ರಾನೆಕ್ಸಾಮಿಕ್ ಆಸಿಡ್ ಕೇಳುವುದು, ರಕ್ತ ತೆಳು ಮಾಡುವ ಮಾತ್ರೆಯ ವಿಷಯ ಕ್ಯಾಶುವಲ್ಟಿಯಲ್ಲೇ ಹೇಳುವುದು, ಇಷ್ಟು ಇಲ್ಲೂ ಅನ್ವಯಿಸುತ್ತದೆ.

ವಾರ್ಡಿಗೆ ಬಂದ ಮೇಲೆ

ಮರುದಿನದ ಹಿಮೋಗ್ಲೋಬಿನ್ ನೋಡಿ ನಿರಾಳವಾಗಬೇಡಿ, ಬೇಸರವೂ ಪಡಬೇಡಿ. ಒಳಗೆ ಇಳಿದ ರಕ್ತ, ಡ್ರಿಪ್‌ನ ನೀರು ಎಲ್ಲ ಸೇರಿ ಎರಡು ಮೂರನೇ ದಿನ ಅದು ಇನ್ನೂ ಇಳಿಯುತ್ತದೆ. ಅಮ್ಮನದು ಮರುದಿನ 10.6, ಮೂರನೇ ದಿನ 9.9. ಆಮೇಲೆ ನಿಂತಿತು.

ಯಾವಾಗ ರಕ್ತ ಏರಿಸಬೇಕು? ಮೊದಲೆಲ್ಲ 10ಕ್ಕಿಂತ ಇಳಿದರೆ ಬಾಟಲಿ ನೇತುಹಾಕುತ್ತಿದ್ದರು. 2011ರಲ್ಲಿ ಬಂದ ಫೋಕಸ್ ಅಧ್ಯಯನದಲ್ಲಿ ಸೊಂಟ ಮುರಿದು ಆಪರೇಷನ್ ಆದ, ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇದ್ದ 2,016 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 10ರ ಕೆಳಗೆ ಹೋಗದ ಹಾಗೆ ರಕ್ತ ಏರಿಸಿದರು. ಇನ್ನೊಂದಕ್ಕೆ 8ರ ಕೆಳಗೆ ಇಳಿದರೆ ಅಥವಾ ತೊಂದರೆ ಕಂಡರೆ ಮಾತ್ರ. ಎರಡು ತಿಂಗಳ ನಂತರ ಸಾವಿನಲ್ಲಾಗಲಿ ನಡೆಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಈಗ ಸಾಮಾನ್ಯವಾಗಿ 8ರ ಗೆರೆ ಹಿಡಿಯುತ್ತಾರೆ. ಜೊತೆಗೆ ಮನುಷ್ಯನನ್ನೂ ನೋಡಬೇಕು. ಎದೆನೋವು, ಉಸಿರು ಕಟ್ಟುವುದು, ಕೂತರೂ ತಲೆ ತಿರುಗುವುದು, ನಾಡಿ ಓಡುವುದು ಇದ್ದರೆ ಅಂಕಿ ನೋಡುತ್ತಾ ಕೂರುವುದಿಲ್ಲ. ಏರಿಸಬೇಕಾದರೂ ಒಂದು ಬಾಟಲಿ ಹಾಕಿ, ಮತ್ತೆ ಪರೀಕ್ಷೆ ಮಾಡಿ, ಬೇಕಾದರೆ ಇನ್ನೊಂದು. ಒಂದು ಬಾಟಲಿಗೆ ಸುಮಾರು 1 ಗ್ರಾಂ ಏರುತ್ತದೆ. 'ತಂದಿದ್ದೀವಲ್ಲ, ಎರಡೂ ಹಾಕಿಬಿಡಿ' ಅನ್ನುವವರು ನಾವೇ ಆಗಿರುತ್ತೇವೆ. ರಕ್ತ ಟಾನಿಕ್ ಅಲ್ಲ.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್ ಅಥವಾ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಗಾಯ ಸ್ವಲ್ಪ ಜಿನುಗಿತು ಅಂತ ಮನೆಯಲ್ಲಿ ಅದನ್ನು ನೀವಾಗಿ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ. ಪಾದ ಮೇಲೆ ಕೆಳಗೆ ಆಡಿಸುವುದು, ಹೇಳಿದ ದಿನವೇ ವಾಕರ್ ಹಿಡಿದು ಎದ್ದು ನಿಲ್ಲುವುದು ತಪ್ಪಿಸಬಾರದು.

ನಾಲ್ಕೈದು ದಿನಕ್ಕೆ ತೊಡೆಯ ಹಿಂದೆ ನೇರಳೆ ಬಣ್ಣ ಬರುತ್ತದೆ, ಆಮೇಲೆ ಮಂಡಿಗೆ, ಮೀನಖಂಡಕ್ಕೆ ಇಳಿದು ಹಸಿರಾಗಿ, ಹಳದಿಯಾಗಿ ಹೋಗುತ್ತದೆ. ಮೊದಲೇ ಹೇಳಿದ ಕಾಣದ ರಕ್ತ ಅದೇ. ಭಯ ಬೇಡ. ಭಯ ಪಡಬೇಕಾದದ್ದು ಬೇರೆ. ಬ್ಯಾಂಡೇಜ್ ಒದ್ದೆಯಾಗಿ ಮತ್ತೆ ಮತ್ತೆ ಬದಲಿಸಬೇಕಾದರೆ, ತೊಡೆ ಡೋಲಿನ ಹಾಗೆ ಬಿಗಿದುಕೊಂಡರೆ, ಒಂದೇ ಕಾಲಿನ ಮೀನಖಂಡ ಊದಿ ನೋಯಲು ಶುರುವಾದರೆ, ಎದೆ ಹಿಡಿದುಕೊಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ ಅದು ಹೊಟ್ಟೆಯೊಳಗಿನ ರಕ್ತ.

ಆಪರೇಷನ್ ಆದ ತಕ್ಷಣದ ದಿನಗಳಲ್ಲಿ ಕಬ್ಬಿಣದ ಮಾತ್ರೆಯಿಂದ ಅಂಥ ಲಾಭ ಇಲ್ಲ. ಗಾಯದ ಉರಿಯೂತಕ್ಕೆ ಅದೇ ಹೆಪ್ಸಿಡಿನ್ ಏರಿ ಕರುಳಿನ ಬಾಗಿಲು ಮುಚ್ಚಿರುತ್ತದೆ. ತುಂಬಾ ಕಡಿಮೆ ಇದ್ದರೆ ಡ್ರಿಪ್‌ನ ಕಬ್ಬಿಣದ ಬಗ್ಗೆ ಕೇಳಿ. ಹೊಲಿಗೆ ಬಿಚ್ಚಿ, ಊಟ ನಿದ್ದೆ ಸರಿಹೋಗಿ, ನಾಲ್ಕು ವಾರಕ್ಕೆ ಒಂದು ಹಿಮೋಗ್ಲೋಬಿನ್ ಮಾಡಿಸಿ.

ಅಮ್ಮನದು 11.7 ಬಂತು. ಈ ಸಲ ರಿಪೋರ್ಟು ನನ್ನ ಕೈಗೆ ಕೊಡಲಿಲ್ಲ. ವಾಕರ್ ಪಕ್ಕಕ್ಕಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ದಪ್ಪ ಅಕ್ಷರ ಎಲ್ಲಿದೆ ಅಂತ ಬೆರಳಿಟ್ಟು ತಾನೇ ನೋಡಿದಳು.